ಸ್ಪ್ಯಾನಿಷ್‌ನ ‘ಬ್ವೆಲ್ತಾ’: ಇಂಗ್ಲಿಷ್ ದಾರಿ ಬಿಟ್ಟು ಕನ್ನಡದ ದಾರಿಯಲ್ಲಿ ಹಿಡಿಯುವುದು ಹೇಗೆ

ಸ್ಪ್ಯಾನಿಷ್ ಕಲಿಯಲು ಶುರು ಮಾಡಿದವರಿಗೆ ಈ ಪದ ಬೇಗನೇ ಎದುರಾಗುತ್ತದೆ. ಬರೆಯುವುದು ವೀ, ಯು, ಇ, ಎಲ್, ಟಿ, ಎ. ಓದುವುದು ‘ಬ್ವೆಲ್ತಾ’. ರೈಲಿನ ಟಿಕೆಟ್ ತೆಗೆಯುವಾಗ ಅದೇ ಪದ, ಆಮ್ಲೆಟ್ ಮಾಡುವ ವಿಧಾನ ಓದಿದರೆ ಅಲ್ಲೂ ಅದೇ, ಚುನಾವಣೆ ಸುದ್ದಿಯಲ್ಲೂ ಅದೇ, ಸ್ಪೇನ್‌ನ ದೊಡ್ಡ ಸೈಕಲ್ ರೇಸಿನ ಹೆಸರೂ ಅದೇ, ಕೊನೆಗೆ ಅಂಗಡಿಯವನು ಚಿಲ್ಲರೆ ಕೈಗಿಡುವಾಗಲೂ ಅದನ್ನೇ ಹೇಳುತ್ತಾನೆ. ಡಿಕ್ಷನರಿ ತೆಗೆದರೆ ಟರ್ನ್, ರಿಟರ್ನ್, ರೌಂಡ್, ಲ್ಯಾಪ್, ವಾಕ್, ಚೇಂಜ್ ಅಂತ ಉದ್ದನೆಯ ಪಟ್ಟಿ. ಆ ಪಟ್ಟಿ ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಆಗಬಹುದು, ಎದುರಿಗೆ ಯಾರಾದರೂ ಜೋರಾಗಿ ಮಾತಾಡುತ್ತಿರುವಾಗ ಅದು ನೆನಪಿಗೆ ಬರುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಕಲಿಯುವುದು ಇಂಗ್ಲಿಷ್ ಮೂಲಕ. ಆಪ್ ಇಂಗ್ಲಿಷ್, ಪುಸ್ತಕ ಇಂಗ್ಲಿಷ್, ಪಾಠ ಹೇಳುವವರೂ ಇಂಗ್ಲಿಷ್. ಬೇರೆ ಪದಗಳಿಗೆ ಅದು ನಡೆಯುತ್ತದೆ. ಈ ಪದಕ್ಕೆ ಮಾತ್ರ ಇಂಗ್ಲಿಷ್ ಸುಮ್ನೆ ದಾರಿ ತಪ್ಪಿಸುತ್ತದೆ, ಯಾಕೆಂದರೆ ಸ್ಪ್ಯಾನಿಷ್‌ನವರ ತಲೆಯಲ್ಲಿ ಒಂದೇ ಆಗಿರುವುದನ್ನು ಇಂಗ್ಲಿಷ್ ಆರು ತುಂಡು ಮಾಡಿ ಇಡುತ್ತದೆ. ಕನ್ನಡದಲ್ಲಿ ನಮಗೆ ಎರಡೇ ಪದ ಸಾಕು: ಸುತ್ತು ಮತ್ತು ತಿರುಗು.

ಮೊದಲು ಉಚ್ಚಾರಣೆ ಮುಗಿಸಿಬಿಡೋಣ. ಸ್ಪ್ಯಾನಿಷ್‌ನಲ್ಲಿ ‘ಬೀ’ ಮತ್ತು ‘ವೀ’ ಅಕ್ಷರಗಳಿಗೆ ಒಂದೇ ಸದ್ದು. ಮಾತು ಶುರುವಾಗುವ ಕಡೆ ಅದು ನಮ್ಮ ‘ಬ’. ಹಿಂದೆ ಸ್ವರ ಬಂದರೆ, ಉದಾಹರಣೆಗೆ ‘ಲಾ ಬ್ವೆಲ್ತಾ’ ಅನ್ನುವಾಗ, ತುಟಿ ಪೂರ್ತಿ ಮುಚ್ಚದೆ ಮೆತ್ತಗೆ ಬರುತ್ತದೆ. ಕೊನೆಯ ‘ತ’ ನಮ್ಮ ತಟ್ಟೆಯ ‘ತ’ನೇ. ಇಂಗ್ಲಿಷ್‌ನವರು ಇದಕ್ಕೆ ನಾಲಿಗೆ ಪಳಗಿಸಿಕೊಳ್ಳಬೇಕು, ನಮಗೆ ಬಿಟ್ಟಿ.

ಬೇರು ಎಲ್ಲಿದೆ

ಇದು ‘ಬೊಲ್ವೇರ್’ ಎಂಬ ಕ್ರಿಯಾಪದದ ಮನೆಯ ಪದ. ಅದರ ಮೂಲ ಲ್ಯಾಟಿನ್‌ನಲ್ಲಿ ಉರುಳು, ಹೊರಳು, ತಿರುಗು ಎಂಬ ಅರ್ಥದ ಒಂದು ಕ್ರಿಯಾಪದ. ‘ಬೊಲ್ವೇರ್’ ಅಂದರೆ ವಾಪಸ್ ಬರುವುದು. ಅದಕ್ಕೇ ‘ಆ’ ಸೇರಿಸಿ ಮುಂದೆ ಇನ್ನೊಂದು ಕ್ರಿಯಾಪದ ಇಟ್ಟರೆ ‘ಮತ್ತೆ ಮಾಡುವುದು’ ಅಂತಾಗುತ್ತದೆ. ‘ಬೊಲ್ವೇರ್ ಆ ದೆಸೀರ್’ ಅಂದರೆ ಮತ್ತೆ ಹೇಳುವುದು. ಇಂಗ್ಲಿಷ್ ಮೂಲಕ ಕಲಿತವರಿಗೆ ಇದು ವಿಚಿತ್ರ ಅನಿಸುತ್ತದೆ, ವಾಪಸ್ ಬರುವುದಕ್ಕೂ ಮತ್ತೆ ಹೇಳುವುದಕ್ಕೂ ಏನು ಸಂಬಂಧ ಅಂತ. ನಾವು ದಿನಾ ಆಡುವ ಮಾತು ನೋಡಿ. ‘ತಿರುಗಿ ಬಂದ’ ಅಂದರೆ ವಾಪಸ್ ಬಂದ. ‘ತಿರುಗಿ ಹೇಳು’ ಅಂದರೆ ಮತ್ತೆ ಹೇಳು. ‘ಪೇಟೆ ಕಡೆ ತಿರುಗಾಡಿಕೊಂಡು ಬಂದೆ’ ಅಂದರೆ ಸುಮ್ನೆ ಓಡಾಡಿದೆ. ‘ದೋಸೆ ತಿರುವಿ ಹಾಕು’ ಅಂದರೆ ಮಗುಚು. ‘ರಸ್ತೆ ತಿರುವಿನಲ್ಲಿದೆ’ ಅಂದರೆ ಮೂಲೆ ದಾಟಿದರೆ ಸಿಗುತ್ತದೆ. ಈ ಐದೂ ‘ಬ್ವೆಲ್ತಾ’ದ ಅರ್ಥಗಳೇ, ಅಥವಾ ಅದರ ಅಣ್ಣನಾದ ‘ಬೊಲ್ವೇರ್’ನ ಅರ್ಥಗಳು. ಯಾರೂ ನಮಗೆ ‘ತಿರುಗು’ ಪದಕ್ಕೆ ಐದು ಅರ್ಥ ಇದೆ ಅಂತ ಹೇಳಿಕೊಟ್ಟಿಲ್ಲ, ಅಲ್ವಾ? ಹಾಗೇ ಅಲ್ಲಿನವರಿಗೂ.

ಇನ್ನು ‘ಸುತ್ತು’. ಒಂದು ಸುತ್ತು ಹೋಗಿ ಬರೋಣ, ಮೊದಲ ಸುತ್ತಿನ ಮತದಾನ, ತಲೆ ಸುತ್ತುತ್ತಿದೆ, ಸುತ್ತಿ ಬಳಸಿ ಮಾತಾಡಬೇಡ. ಈ ನಾಲ್ಕನ್ನೂ ಸ್ಪ್ಯಾನಿಷ್‌ಗೆ ಹಾಕಿದರೆ ನಾಲ್ಕರಲ್ಲೂ ‘ಬ್ವೆಲ್ತಾ’ ಬಂದು ಕೂರುತ್ತದೆ. ಮುಟ್ಟುವ, ಕಾಣುವ ಅರ್ಥ ಯಾವುದು, ಬರೀ ಮನಸ್ಸಿನ ಅರ್ಥ ಯಾವುದು ಅನ್ನುವ ಗೆರೆ ಎರಡು ಭಾಷೆಯಲ್ಲೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇದೆ. ಕೈಕೊಡುವ ಕಡೆಗಳೂ ಇವೆ, ಅಲ್ಲಿಗೂ ಬರುತ್ತೇನೆ.

ಪದವನ್ನು ನೋಡಬೇಡಿ, ಅದರ ಮುಂಚಿನ ಚಿಕ್ಕ ಪದ ನೋಡಿ

ಇದೇ ಮುಖ್ಯ ವಿಷಯ. ‘ಬ್ವೆಲ್ತಾ’ ಹೆಚ್ಚಾಗಿ ‘ದಾರ್’ ಎಂಬ ಕ್ರಿಯಾಪದದ ಜೊತೆ ಬರುತ್ತದೆ. ‘ದಾರ್’ ಅಂದರೆ ಕೊಡು. ಅವರು ಸುತ್ತು ‘ಕೊಡುತ್ತಾರೆ’, ನಾವು ಸುತ್ತು ‘ಹಾಕುತ್ತೇವೆ’. ಈ ಎರಡರ ನಡುವೆ ‘ಉನಾ’ (‘ಒಂದು’) ಇದೆಯೋ, ‘ಲಾ’ (ಇಂಗ್ಲಿಷ್‌ನ ‘ದ’ ಇದ್ದ ಹಾಗೆ) ಇದೆಯೋ, ಏನೂ ಇಲ್ಲದೆ ಬಹುವಚನ ‘ಬ್ವೆಲ್ತಾಸ್’ ಇದೆಯೋ, ಅದರ ಮೇಲೆ ಅರ್ಥ ನಿಲ್ಲುತ್ತದೆ.

‘ದಾರ್ ಉನಾ ಬ್ವೆಲ್ತಾ’ ಅಂದರೆ ಒಂದು ಸುತ್ತು ಹಾಕುವುದು. ಊಟ ಆದ ಮೇಲೆ ಗೆಳೆಯ ‘ದಾಮೋಸ್ ಉನಾ ಬ್ವೆಲ್ತಾ?’ ಅಂದರೆ ಒಂದು ರೌಂಡ್ ಹೋಗಿ ಬರೋಣವಾ ಅಂತ. ಮ್ಯಾಡ್ರಿಡ್‌ನಲ್ಲಾದರೆ ರೆತೀರೋ ಪಾರ್ಕಿನ ಕಡೆ ಇರಬಹುದು. ಎಲ್ಲಿಗೆ, ಎಷ್ಟು ಹೊತ್ತು ಅನ್ನುವ ಲೆಕ್ಕ ಇಲ್ಲ. ಕಾರಲ್ಲಿ ಹೋದರೂ ಬೈಕಲ್ಲಿ ಹೋದರೂ ಇದೇ ಮಾತು.

‘ದಾರ್ ಲಾ ಬ್ವೆಲ್ತಾ’ ಅಂದರೆ ಪೂರ್ತಿ ತಿರುಗಿಸುವುದು, ಇಲ್ಲವೇ ಪೂರ್ತಿ ಒಂದು ಸುತ್ತು ಮುಗಿಸುವುದು. ನಿಮಗೆ ಬಟ್ಟೆ ಅಳತೆ ತೆಗೆಯುವ ಟೈಲರ್ ‘ದೇಸೆ ಲಾ ಬ್ವೆಲ್ತಾ’ ಅಂದರೆ ಆ ಕಡೆ ತಿರುಗಿ ನಿಲ್ಲಿ ಎಂದರ್ಥ, ಒಂದು ಸುತ್ತು ಹೋಗಿ ಬನ್ನಿ ಅಂತ ಅಲ್ಲ. ‘ಉನಾ’ ಜಾಗದಲ್ಲಿ ‘ಲಾ’ ಬಂತು, ಕೆಲಸವೇ ಬೇರೆ ಆಯಿತು. ‘ದಾರ್ ಲಾ ಬ್ವೆಲ್ತಾ ಅಲ್ ಮುಂದೊ’ ಅಂದರೆ ಪ್ರಪಂಚವನ್ನೇ ಸುತ್ತಿ ಬರುವುದು. ಮೆಗೆಲನ್ 1519ರಲ್ಲಿ ಹೊರಟು, ದಾರಿಯಲ್ಲಿ ಸತ್ತು, ಕೊನೆಗೆ ಹುವಾನ್ ಸೆಬಾಸ್ತಿಯಾನ್ ಎಲ್ಕಾನೊ 1522ರಲ್ಲಿ ವಿಕ್ತೋರಿಯಾ ಎಂಬ ಒಂದೇ ಹಡಗಿನಲ್ಲಿ ಸ್ಪೇನ್‌ಗೆ ಮರಳಿದನಲ್ಲ, ಆ ಪ್ರಯಾಣವನ್ನು ಸ್ಪೇನ್‌ನವರು ‘ಪ್ರಿಮೇರಾ ಬ್ವೆಲ್ತಾ ಅಲ್ ಮುಂದೊ’ ಎಂದೇ ಕರೆಯುತ್ತಾರೆ. ಪ್ರಪಂಚದ ಮೊದಲ ಸುತ್ತು. ಸುತ್ತುವುದೂ ವಾಪಸ್ ಬರುವುದೂ ಒಂದೇ ಪದದಲ್ಲಿ ಯಾಕೆ ಇವೆ ಎಂದು ಇಲ್ಲಿ ಕಣ್ಣಿಗೆ ಕಾಣುತ್ತದೆ: ದುಂಡಗಿನ ದಾರಿಯಲ್ಲಿ ನಡೆದುಕೊಂಡು ಹೋದರೆ ಬಂದು ನಿಲ್ಲುವುದು ಹೊರಟ ಜಾಗಕ್ಕೇ.

‘ದಾರ್ ಬ್ವೆಲ್ತಾಸ್’, ಬಹುವಚನ, ಅಂದರೆ ಸುತ್ತುತ್ತಲೇ ಇರುವುದು. ಫ್ಯಾನ್ ಸುತ್ತುತ್ತದೆ, ಪಾರ್ಕಿಂಗ್ ಸಿಗದೆ ಕಾರು ಸುತ್ತುತ್ತದೆ, ‘ಮೆ ದಾ ಬ್ವೆಲ್ತಾಸ್ ಲಾ ಕಬೇಸಾ’ ಅಂದರೆ ತಲೆ ಸುತ್ತುತ್ತಿದೆ. ಇಲ್ಲಿಂದ ಮನಸ್ಸಿನ ಕಡೆಗೆ ಹೋಗಲು ಒಂದೇ ಹೆಜ್ಜೆ. ‘ದಾರ್‌ಲೆ ಬ್ವೆಲ್ತಾಸ್ ಆ ಆಲ್ಗೊ’ ಅಂದರೆ ಯಾವುದೋ ವಿಷಯವನ್ನು ತಲೆಯಲ್ಲಿ ತಿರುಗಿಸಿ ಮುರುಗಿಸಿ ಯೋಚಿಸುವುದು. ‘ನೋ ಲೆ ದೆಸ್ ಮಾಸ್ ಬ್ವೆಲ್ತಾಸ್’ ಎಂದು ಯಾರಾದರೂ ಹೇಳಿದರೆ, ಅದನ್ನೇ ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡ ಬಿಡು, ಅಂತ.

ಒಂದು ಬಲೆ ಇಲ್ಲಿದೆ. ಇದೇ ವಾಕ್ಯದಲ್ಲಿ ನೂರು, ಸಾವಿರ ಅನ್ನುವ ಸಂಖ್ಯೆ ಬಂದು, ವಿಷಯದ ಜಾಗದಲ್ಲಿ ಮನುಷ್ಯ ಬಂದರೆ ಅರ್ಥ ಪೂರ್ತಿ ಬೇರೆ. ‘ಲೆ ದಾ ಮಿಲ್ ಬ್ವೆಲ್ತಾಸ್ ಆ ಸು ಎರ್ಮಾನೊ’ ಅಂದರೆ ಅವಳು ತನ್ನ ಅಣ್ಣನ ಬಗ್ಗೆ ಸಾವಿರ ಸಲ ಯೋಚಿಸಿದಳು ಅಂತ ಅಲ್ಲ, ಅಣ್ಣನಿಗಿಂತ ಅವಳು ಎಷ್ಟೋ ಪಾಲು ಮೇಲು, ಅವನು ಅವಳ ಮುಂದೆ ಏನೇನೂ ಅಲ್ಲ ಅಂತ. ಓಟದ ಮೈದಾನದಲ್ಲಿ ಒಬ್ಬ ಇನ್ನೊಬ್ಬನನ್ನು ಸುತ್ತಿನ ಮೇಲೆ ಸುತ್ತು ದಾಟಿ ಹೋಗುವುದನ್ನು ಊಹಿಸಿಕೊಂಡರೆ ನೆನಪು ಉಳಿಯುತ್ತದೆ.

ಈಗ ಒಂದು ಎಚ್ಚರಿಕೆ. ಮೇಲೆ ಹೇಳಿದ ‘ಉನಾ–ಲಾ’ ಲೆಕ್ಕ ಸ್ಪೇನ್‌ನಲ್ಲಿ ಗಟ್ಟಿ. ಮೆಕ್ಸಿಕೊದವರು ‘ಬಾಮೋಸ್ ಆ ದಾರ್ ಲಾ ಬ್ವೆಲ್ತಾ’ ಅಂದರೂ ಸುತ್ತಾಡಿ ಬರೋಣ ಎಂದೇ ಇರಬಹುದು. ಅರ್ಜೆಂಟೀನಾದ ಕಡೆ ‘ಲಾ’ ಬಿಟ್ಟು ಬರೀ ‘ದಾರ್ ಬ್ವೆಲ್ತಾ’ ಅಂದು ಮಗುಚುವುದನ್ನು ಹೇಳುತ್ತಾರೆ. ಹಾಗಾಗಿ ಯಾವ ದೇಶದವರು ಮಾತಾಡುತ್ತಿದ್ದಾರೆ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಸ್ಪೇನ್‌ನ ವಿಡಿಯೋ ನೋಡಿ ಕಲಿತು ಮೆಕ್ಸಿಕೊದ ಕಸ್ಟಮರ್ ಜೊತೆ ಮಾತಾಡುವ ಐಟಿಯವರು ನಮ್ಮಲ್ಲಿ ಇದ್ದಾರೆ, ಅವರಿಗಂತೂ ಇದು ಬೇಕೇ ಬೇಕು.

ಆಮ್ಲೆಟ್ ಮಗುಚುವುದು

‘ಲಾ ಬ್ವೆಲ್ತಾ’ವನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂದರೆ ಸ್ಪೇನ್‌ನ ಆಲೂಗಡ್ಡೆ ಆಮ್ಲೆಟ್ ಮಾಡುವುದನ್ನು ನೋಡಿ. ಅದಕ್ಕೆ ‘ತೊರ್ತೀಯಾ’ ಎನ್ನುತ್ತಾರೆ. (ಮೆಕ್ಸಿಕೊದ ‘ತೊರ್ತೀಯಾ’ ಬೇರೆ, ಅದು ಮುಸುಕಿನ ಜೋಳದ ತೆಳು ರೊಟ್ಟಿ.) ತೆಳ್ಳಗೆ ಹೆಚ್ಚಿದ ಆಲೂಗಡ್ಡೆಯನ್ನು ಧಾರಾಳ ಎಣ್ಣೆಯಲ್ಲಿ ಮೆತ್ತಗಾಗುವ ತನಕ ಬೇಯಿಸಿ, ಎಣ್ಣೆ ಬಸಿದು, ಕದಡಿದ ಮೊಟ್ಟೆಗೆ ಹಾಕಿ ಕಲಸಿ, ಮತ್ತೆ ಬಾಣಲೆಗೆ ಸುರಿಯುತ್ತಾರೆ. ಈರುಳ್ಳಿ ಹಾಕಬೇಕೋ ಬೇಡವೋ ಅಂತ ಆ ದೇಶದಲ್ಲಿ ಮುಗಿಯದ ಜಗಳವಿದೆ, ನಾನು ಈರುಳ್ಳಿ ಕಡೆ. ತಳ ಗಟ್ಟಿಯಾಯಿತು, ಮೇಲೆ ಇನ್ನೂ ಹಸಿ. ಆಗ ಬಾಣಲೆಗಿಂತ ಸ್ವಲ್ಪ ಅಗಲವಾದ ತಟ್ಟೆಯನ್ನು ಬೋರಲಾಗಿ ಮೇಲೆ ಮುಚ್ಚಿ, ಅಂಗೈಯಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಣಲೆಯ ಹಿಡಿ ಹಿಡಿದು, ಒಂದೇ ಏಟಿಗೆ ಎರಡನ್ನೂ ತಲೆಕೆಳಗು ಮಾಡಬೇಕು. ತಟ್ಟೆಗೆ ಬಿದ್ದದ್ದನ್ನು ಮೆಲ್ಲಗೆ ಬಾಣಲೆಗೆ ಜಾರಿಸಿ ಇನ್ನೊಂದು ಬದಿ ಬೇಯಿಸುವುದು. ಮಧ್ಯದಲ್ಲಿ ಅನುಮಾನ ಬಂದು ಕೈ ನಿಂತರೆ ಒಲೆ ತುಂಬಾ ಮೊಟ್ಟೆ. ಅಡುಗೆ ಹೇಳಿಕೊಡುವವರು ಇಲ್ಲಿ ಹೇಳುವ ಮಾತು ‘ದಾಲೆ ಲಾ ಬ್ವೆಲ್ತಾ’, ಅದನ್ನು ಮಗುಚು.

ಇದೇ ಕೆಲಸ ಬರೀ ಮಾತಾದಾಗ ‘ದಾರ್ ಲಾ ಬ್ವೆಲ್ತಾ ಆ ಲಾ ತೊರ್ತೀಯಾ’. ಆಮ್ಲೆಟ್ ಮಗುಚಿದರು ಎಂದರೆ ಪರಿಸ್ಥಿತಿಯನ್ನೇ ಉಲ್ಟಾ ಮಾಡಿದರು. ಸೋಲುತ್ತಿದ್ದವರು ಗೆದ್ದರು, ಕೆಳಗಿದ್ದವರು ಮೇಲೆ ಬಂದರು. ಆಮ್ಲೆಟ್ ಅನ್ನುವ ಪದವನ್ನೂ ಬಿಟ್ಟು, ‘ಲೆ ದ್ಯೊ ಲಾ ಬ್ವೆಲ್ತಾ ಅಲ್ ರೆಸುಲ್ತಾದೊ’, ಫಲಿತಾಂಶವನ್ನೇ ತಿರುಗಿಸಿದ, ಎಂದೂ ಹೇಳುತ್ತಾರೆ.

ಚಿಲಿಯ 2021ರ ಅಧ್ಯಕ್ಷ ಚುನಾವಣೆ ತೆಗೆದುಕೊಳ್ಳಿ. ನವೆಂಬರ್ 21ರ ಮೊದಲ ಸುತ್ತಿನಲ್ಲಿ ಹೊಸೆ ಅಂತೋನಿಯೊ ಕಾಸ್ತ್ ಮುಂದಿದ್ದರು, ಗಾಬ್ರಿಯೆಲ್ ಬೋರಿಚ್ ಎರಡನೆಯವರು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಮತ ಬರದಿದ್ದರಿಂದ ಡಿಸೆಂಬರ್ 19ಕ್ಕೆ ಇಬ್ಬರ ನಡುವೆಯೇ ಇನ್ನೊಂದು ಸುತ್ತು, ಅದರಲ್ಲಿ ಬೋರಿಚ್ ಗೆದ್ದರು. ಈ ಇನ್ನೊಂದು ಸುತ್ತಿನ ಹೆಸರು ‘ಸೆಗುಂದಾ ಬ್ವೆಲ್ತಾ’. ಅಂದರೆ ‘ಸೆಗುಂದಾ ಬ್ವೆಲ್ತಾ’ದಲ್ಲಿ ಅವರು ಫಲಿತಾಂಶಕ್ಕೆ ‘ಲಾ ಬ್ವೆಲ್ತಾ’ ಕೊಟ್ಟರು ಎಂದು ಒಂದೇ ವಾಕ್ಯದಲ್ಲಿ ಎರಡು ಸಲ ಬರೆಯಬಹುದು. ಮೊದಲನೆಯದಕ್ಕೆ ಸುತ್ತು, ಎರಡನೆಯದಕ್ಕೆ ತಿರುಗು. ಕನ್ನಡದಲ್ಲಿ ಓದಿಕೊಂಡರೆ ಗೊಂದಲವೇ ಇಲ್ಲ.

ಫುಟ್‌ಬಾಲ್ ನೋಡುವವರಿಗೆ ಇನ್ನೂ ಸುಲಭ. ಎರಡು ತಂಡ ಒಬ್ಬರ ಮನೆಯಲ್ಲಿ ಒಂದು, ಇನ್ನೊಬ್ಬರ ಮನೆಯಲ್ಲಿ ಒಂದು ಆಟ ಆಡುವಾಗ ಮೊದಲನೆಯದು ‘ಈದಾ’, ಹೋಗುವುದು. ಎರಡನೆಯದು ‘ಬ್ವೆಲ್ತಾ’, ಬರುವುದು. 2017ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ 4–0 ಸೋತ ಬಾರ್ಸಿಲೋನಾ, ಮಾರ್ಚ್ 8ರ ‘ಬ್ವೆಲ್ತಾ’ ಆಟದಲ್ಲಿ 6–1 ಗೆದ್ದು ಮುಂದಿನ ಹಂತಕ್ಕೆ ಹೋಯಿತು. ಅಲ್ಲೂ ‘ಬ್ವೆಲ್ತಾ’ದಲ್ಲೇ ‘ಲಾ ಬ್ವೆಲ್ತಾ’. ರೈಲು, ವಿಮಾನದ ಟಿಕೆಟ್ ಪುಟದಲ್ಲಿ ‘ಈದಾ ಇ ಬ್ವೆಲ್ತಾ’ ಅಂದರೆ ಹೋಗಿ ಬರುವ ಟಿಕೆಟ್, ‘ಸೋಲೊ ಈದಾ’ ಅಂದರೆ ಹೋಗುವುದಕ್ಕೆ ಮಾತ್ರ. ದುಡ್ಡು ಕಟ್ಟುವ ಮುಂಚೆ ಇದನ್ನು ನೋಡಿಕೊಳ್ಳಿ.

ಸೈಕಲ್ ರೇಸಿನ ಪೂರ್ತಿ ಹೆಸರು ‘ಬ್ವೆಲ್ತಾ ಆ ಎಸ್ಪಾನ್ಯಾ’, ಸ್ಪೇನ್ ಸುತ್ತು. 1935ರಲ್ಲಿ ಶುರುವಾಯಿತು, ಜನ ಬರೀ ‘ಲಾ ಬ್ವೆಲ್ತಾ’ ಅಂತಾರೆ. ಸೆಪ್ಟೆಂಬರ್ ಹೊತ್ತಿಗೆ ಸ್ಪೇನ್‌ನ ಪೇಪರಿನಲ್ಲಿ ಈ ಪದ ಕಂಡರೆ ಒಂದು ರೇಸ್, ಇಲ್ಲಾ ‘ಬ್ವೆಲ್ತಾ ಅಲ್ ಕೋಲೆ’, ಬೇಸಿಗೆ ರಜೆ ಮುಗಿಸಿ ಮಕ್ಕಳು ಸ್ಕೂಲಿಗೆ ಮರಳುವ ಕಾಲ. ಅಂಗಡಿಗಳಲ್ಲಿ ಬ್ಯಾಗು, ನೋಟ್‌ಬುಕ್ ರಾಶಿ ಮೇಲೆ ಈ ಬೋರ್ಡ್ ತೂಗುತ್ತಿರುತ್ತದೆ.

‘ದೆ’ ಮತ್ತು ‘ಆ ಲಾ’

‘ದಾರ್’ ಇಲ್ಲದೆ ಬಂದಾಗ ‘ದೆ’ ಇದೆಯಾ, ‘ಆ ಲಾ’ ಇದೆಯಾ ನೋಡಿ.

‘ದೆ ಬ್ವೆಲ್ತಾ’ ಅಂದರೆ ವಾಪಸ್. ‘ಯಾ ಎಸ್ತೊಯ್ ದೆ ಬ್ವೆಲ್ತಾ’, ಬಂದೆ, ವಾಪಸ್ ಬಂದಿದ್ದೇನೆ. ಅರ್ಜೆಂಟೀನಾ, ಉರುಗ್ವೆ ಕಡೆ ಇದೇ ಮಾತಿಗೆ ‘ಮತ್ತೆ’ ಎಂಬ ಅರ್ಥವೂ ಇದೆ, ‘ಅಸೇಲೊ ದೆ ಬ್ವೆಲ್ತಾ’ ಅಂದರೆ ತಿರುಗಿ ಮಾಡು. ನಮ್ಮ ‘ತಿರುಗಿ’ ಮಾಡುವ ಎರಡು ಕೆಲಸವನ್ನೂ ಇದು ಹಾಗೇ ಮಾಡುತ್ತದೆ. ‘ಎಸ್ತಾರ್ ದೆ ಬ್ವೆಲ್ತಾ ದೆ ತೋದೊ’ ಅಂದರೆ ಎಲ್ಲದರಿಂದಲೂ ವಾಪಸ್ ಬಂದಾಗಿದೆ, ಅಂದರೆ ಎಲ್ಲಾ ನೋಡಿ ಮುಗಿಸಿದವನು, ಯಾವುದಕ್ಕೂ ಕಣ್ಣರಳಿಸದವನು. ಇದು ಹೊಗಳಿಕೆ ಅಲ್ಲ, ಸ್ವಲ್ಪ ವ್ಯಂಗ್ಯ. ಚಿಕ್ಕ ವಯಸ್ಸಿನವರ ಬಗ್ಗೆ ಹೇಳಿದರೆ ವ್ಯಂಗ್ಯ ಇನ್ನೂ ಜಾಸ್ತಿ.

‘ಆ ಲಾ ಬ್ವೆಲ್ತಾ’ ಸ್ವಲ್ಪ ತುಂಟ. ‘ವಾಪಸ್ ಬರುವಾಗ’ ಎಂದಾಗಬಹುದು. ‘ಇಲ್ಲೇ ತಿರುವಿನಲ್ಲಿ’ ಎಂದಾಗಬಹುದು. ಕಾಗದದ ಕೆಳಗಡೆ ಬರೆದಿದ್ದರೆ ‘ಹಿಂದಿನ ಬದಿ ನೋಡಿ’. ‘ಆ ಲಾ ಬ್ವೆಲ್ತಾ ದೆ ಲಾ ಎಸ್ಕೀನಾ’ ಅಂದರೆ ಮೂಲೆ ತಿರುಗಿದರೆ ಸಿಗುತ್ತದೆ ಅಂತ, ಔಷಧಿ ಅಂಗಡಿಗೂ ಹೇಳಬಹುದು, ಕ್ರಿಸ್‌ಮಸ್‌ಗೂ ಹೇಳಬಹುದು. ಕ್ರಿಸ್‌ಮಸ್‌ಗೆ ಹೇಳಿದಾಗ ಇನ್ನೇನು ಬಂದೇಬಿಟ್ಟಿತು ಎಂದರ್ಥ. ‘ಆ ಲಾ ಬ್ವೆಲ್ತಾ ದೆ ದೋಸ್ ಆನ್ಯೋಸ್’, ಎರಡು ವರ್ಷ ಕಳೆದ ಮೇಲೆ. ಗೊತ್ತು ಮಾಡಿಕೊಳ್ಳಲು ಸುಲಭದ ದಾರಿ ಇದು: ಇದಾದ ಮೇಲೆ ‘ದೆ’ ಬಂದು ಜಾಗದ ಹೆಸರಿದ್ದರೆ ತಿರುವು, ಕಾಲದ ಹೆಸರಿದ್ದರೆ ಕಳೆದ ಮೇಲೆ. ಏನೂ ಇಲ್ಲದಿದ್ದರೆ ಕ್ರಿಯಾಪದ ನೋಡಿ. ‘ಎಸ್ತಾ’, ಅಂದರೆ ‘ಇದೆ’ ಅಂತಿದ್ದರೆ ಜಾಗ. ಫೋನ್ ಮಾಡುತ್ತೇನೆ, ಹೇಳುತ್ತೇನೆ ಅಂತಿದ್ದರೆ ವಾಪಸ್ ಬಂದ ಮೇಲೆ.

ಕನ್ನಡ ಕೈಕೊಡುವ ಕಡೆ

ಚಿಲ್ಲರೆ. ನೂರರ ನೋಟು ಕೊಟ್ಟಾಗ ಬರುವ ಬಾಕಿಗೆ ಸ್ಪೇನ್‌ನಲ್ಲಿ ‘ಲಾ ಬ್ವೆಲ್ತಾ’ ಅಥವಾ ‘ಎಲ್ ಕಾಂಬ್ಯೊ’ ಎನ್ನುತ್ತಾರೆ. ಪೆರು, ಚಿಲಿ, ಅರ್ಜೆಂಟೀನಾ ಕಡೆ ಪದದ ಲಿಂಗವೇ ಬದಲಾಗಿ ಹೆಣ್ಣು ಹೋಗಿ ಗಂಡಾಗುತ್ತದೆ, ‘ಎಲ್ ಬ್ವೆಲ್ತೊ’. ಕೊಲಂಬಿಯಾದಲ್ಲಿ ಬಹುವಚನ, ‘ಲಾಸ್ ಬ್ವೆಲ್ತಾಸ್’. ಮೆಕ್ಸಿಕೊದಲ್ಲಿ ‘ಎಲ್ ಕಾಂಬ್ಯೊ’ ಸಾಕು. ವಾಪಸ್ ಬರುವ ದುಡ್ಡು ಎಂದುಕೊಂಡರೆ ಇದೂ ಕೂರುತ್ತದೆ, ಆದರೆ ‘ಚಿಲ್ಲರೆ ಇದೆಯಾ’ ಅಂತ ನೋಟು ಒಡೆಸಲು ಕೇಳುವಾಗ ಇದನ್ನು ಬಳಸಬೇಡಿ. ಅದಕ್ಕೆ ‘ಕಾಂಬ್ಯೊ’ ಎಂದೇ ಕೇಳಿ.

ಎರಡೆಳೆ ಸರವನ್ನು ಅವರು ‘ಎರಡು ಬ್ವೆಲ್ತಾ’ದ ಸರ ಅನ್ನುತ್ತಾರೆ, ಕತ್ತಿನ ಸುತ್ತ ಎರಡು ಸಲ ಸುತ್ತಿದ್ದು. ಬೀಗದ ಕೈಯನ್ನೂ ‘ದೋಸ್ ಬ್ವೆಲ್ತಾಸ್’ ತಿರುಗಿಸುತ್ತಾರೆ. ಕಾರು ಪಲ್ಟಿ ಹೊಡೆದರೆ ‘ಬ್ವೆಲ್ತಾ ದೆ ಕಂಪಾನಾ’, ಗಂಟೆ ಮಗುಚಿದಂತೆ. ಇವೆಲ್ಲ ಕಣ್ಣಿಗೆ ಕಾಣುವವು, ಊಹೆಗೆ ಸಿಗುತ್ತವೆ.

ಊಹೆಗೆ ಸಿಗದ್ದು ಇವು. ‘ಪೋನೇರ್ ಆ ಆಲ್ಗ್ಯೆನ್ ದೆ ಬ್ವೆಲ್ತಾ ಇ ಮೇದ್ಯಾ’, ಅಕ್ಷರಕ್ಕೆ ಅಕ್ಷರ ‘ಒಂದೂವರೆ ಸುತ್ತಿಗೆ ಇಡುವುದು’, ಅರ್ಥ ಹಿಗ್ಗಾಮುಗ್ಗಾ ಬೈಯುವುದು. ‘ನೋ ತ್ಯೆನೆ ಬ್ವೆಲ್ತಾ ದೆ ಓಹಾ’, ಹಾಳೆ ತಿರುವುವ ಮಾತಿಲ್ಲ, ಅಂದರೆ ಎರಡು ಮಾತೇ ಇಲ್ಲ. ‘ನೋ ಆಯ್ ಬ್ವೆಲ್ತಾ ಆತ್ರಾಸ್’, ಇನ್ನು ಹಿಂದೆ ಸರಿಯುವ ಹಾಗಿಲ್ಲ. ಇವನ್ನು ಇಡಿಯಾಗಿ ನೆನಪಿಟ್ಟುಕೊಳ್ಳಬೇಕು. ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಇಂಟರ್ನೆಟ್‌ನಲ್ಲಿ ಪುಕ್ಕಟೆ ಇದೆ. ಅದರಲ್ಲಿ ಈ ಪದ ತೆಗೆದರೆ ಮೇಲಿನ ನಂಬರ್ ಹಾಕಿದ ಅರ್ಥಗಳಲ್ಲಿ ಮುಳುಗಬೇಡಿ, ಕೆಳಗೆ ಇಳಿದು ನುಡಿಗಟ್ಟುಗಳ ಪಟ್ಟಿಗೆ ನೇರ ಹೋಗಿ. ನೋಟ್‌ಬುಕ್‌ನಲ್ಲೂ ಬರೀ ‘ಬ್ವೆಲ್ತಾ’ ಎಂದು ಬರೆದುಕೊಳ್ಳಬೇಡಿ. ‘ದಾರ್ ಉನಾ ಬ್ವೆಲ್ತಾ’ ಒಂದು ಸಾಲು, ‘ದಾರ್ ಲಾ ಬ್ವೆಲ್ತಾ’ ಇನ್ನೊಂದು ಸಾಲು, ಪಕ್ಕದಲ್ಲಿ ಇಂಗ್ಲಿಷ್ ಬೇಡ, ಕನ್ನಡದಲ್ಲೇ ಅರ್ಥ.

ಈಗ ಮೂರು ವಾಕ್ಯ ಕೊಡುತ್ತೇನೆ. ಉತ್ತರ ಓದುವ ಮುಂಚೆ ಚಿಕ್ಕ ಪದಗಳನ್ನು ಹುಡುಕಿ.

‘ತೆ ಲೊ ಕ್ವೆಂತೊ ಆ ಲಾ ಬ್ವೆಲ್ತಾ.’ ಹೇಳುತ್ತೇನೆ ಎಂಬ ಕ್ರಿಯಾಪದ ಇದೆ, ಜಾಗ ಇಲ್ಲ. ವಾಪಸ್ ಬಂದ ಮೇಲೆ ಹೇಳುತ್ತೇನೆ.

‘ಸಾಲ್ಯೊ ಆ ದಾರ್ ಉನಾ ಬ್ವೆಲ್ತಾ ಇ ಆ ಲಾ ಮೇದ್ಯಾ ಓರಾ ಎಸ್ತಾಬಾ ದೆ ಬ್ವೆಲ್ತಾ.’ ಮೊದಲು ‘ಉನಾ’, ಆಮೇಲೆ ‘ದೆ’. ಒಂದು ಸುತ್ತು ಹಾಕಿ ಬರಲು ಹೊರಟ, ಅರ್ಧ ಗಂಟೆಗೆಲ್ಲಾ ತಿರುಗಿ ಬಂದಿದ್ದ.

‘ಲೆ ಎ ದಾದೊ ಮೂಚಾಸ್ ಬ್ವೆಲ್ತಾಸ್ ಇ ನೋ ತ್ಯೆನೆ ಬ್ವೆಲ್ತಾ ದೆ ಓಹಾ.’ ಬಹುವಚನ ಒಂದು, ಇಡಿಯಾದ ನುಡಿಗಟ್ಟು ಒಂದು. ಇದರ ಬಗ್ಗೆ ತುಂಬಾ ತಲೆ ಕೆಡಿಸಿಕೊಂಡು ನೋಡಿದೆ, ಎರಡು ಮಾತೇ ಇಲ್ಲ.